ಶೇವಂತಿಯ ಹೊಸ್ತಿಲಲ್ಲಿ ಕಲ್ಮೇಶನ ಚಪ್ಪಲಿ

ಹೊಟ್ಟೆಕಿಚ್ಚಿನಿಂದ ಕರೆಂಟ್ ತೆಗೆಯುವ ವಿದ್ಯೆಯನ್ನು ಸರಕಾರ ಇನ್ನೂ ಕಲಿತಿಲ್ಲ. ಕಲಿತಿದ್ದರೆ ಬನಹಟ್ಟಿಯ ರತ್ನಾಬಾಯಿಯ ಎದೆಗೆ ಎರಡು ವೈರು ಸಿಕ್ಕಿಸಿ, ಊರಿನ ಅಷ್ಟೂ ಮಗ್ಗ ನಡೆಸಿ, ಉಳಿದದ್ದನ್ನು ಜಮಖಂಡಿಗೆ ಮಾರಬಹುದಿತ್ತು.

ಕಾರಣ ಎದುರುಮನೆಯ ಶೇವಂತಿ. ಅವಳ ಗಂಡ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ, ಇತ್ತ ತಲೆ ಹಾಕಿರಲಿಲ್ಲ. ಶೇವಂತಿ ಕಾರ್ಖಾನೆಯಲ್ಲಿ ಲಾಳಿಗೆ ತುಂಬುವ ನೂಲಿನ ಕಂಡಕಿ ಸುತ್ತಿ ಮಗಳು ಗಂಗಾಂಬಿಕಾಳನ್ನು ಸಾಕುತ್ತಿದ್ದಳು. ಮೊನ್ನೆಮೊನ್ನೆಯವರೆಗೆ ರತ್ನಾಬಾಯಿಗೆ ಅವಳ ಮೇಲೆ ಪ್ರೀತಿಯೂ ಇತ್ತು, ಕನಿಕರವೂ ಇತ್ತು. ಕನಿಕರ ಬಲು ಸುಖದ ವಸ್ತು. ಮಾಳಿಗೆಯ ನೀರಿನಂತೆ ಮೇಲಿನಿಂದ ಕೆಳಕ್ಕೆ ಮಾತ್ರ ಸುರಿಯುತ್ತದೆ. ಈಗ ಶೇವಂತಿ ಮಾಳಿಗೆ ಹತ್ತಲು ಹೊರಟಿದ್ದಳು.

ಓದು ಅರ್ಧಕ್ಕೆ ಬಿಟ್ಟು, ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ಹೆಂಗಸರಿಗೆ ವಿಶ್ವವಿದ್ಯಾಲಯವೊಂದು ವಿದ್ಯಾರ್ಥಿವೇತನ ಇಟ್ಟಿತ್ತು. ಡಿಗ್ರಿ ಮುಗಿಯುವವರೆಗೆ ಫೀ, ಪುಸ್ತಕ, ಜಮಖಂಡಿ ಕಾಲೇಜಿಗೆ ಓಡಾಡಲು ಬಸ್ಸಿನ ಪಾಸು, ಮೇಲೆ ಮನೆಯ ಖರ್ಚಿಗೂ ಒಂದಿಷ್ಟು. ಅದಕ್ಕೆ ಶೇವಂತಿಯ ಹೆಸರು ಆರಿಸಿ ಬಂದಿತ್ತು. ಮನೆಗೆ ಯಾರೋ ಬಂದು ವಿಚಾರಿಸಿ ಹೋಗುವುದೊಂದೇ ಬಾಕಿ.

ಪಿಯುಸಿಯಲ್ಲಿ ರತ್ನಾಬಾಯಿ ಮೊದಲು, ಶೇವಂತಿ ಎರಡನೆಯವಳು. ಆಗಿನ ರತ್ನಾಬಾಯಿ ಎಂಥ ಜಾಣೆಯೆಂದರೆ, ಮಾಸ್ತರರು ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಹೇಳಿ, ಪ್ರಶ್ನೆಯಲ್ಲಿದ್ದ ತಪ್ಪನ್ನೂ ತಿದ್ದಿ ಕೂತುಬಿಡುತ್ತಿದ್ದಳು. ಫಲಿತಾಂಶದ ಪೇಡೆ ಹಂಚುವ ಮುಂಚೆಯೇ ತಲೆಯ ಮೇಲೆ ಅಕ್ಕಿಕಾಳು ಬಿದ್ದು ಓದು ನಿಂತಿತು.

"ನಂಗ್ಯಾಕ ಕೊಡೂದಿಲ್ಲಂತ ಆ ಸ್ಕಾಲರ್‌ಶಿಪ್?" ಎಂದು ರೊಟ್ಟಿ ಬಡಿಯುತ್ತ ಗಂಡ ಕಲ್ಮೇಶನನ್ನು ಕೇಳಿದಳು. ಆ ಬಡಿತಕ್ಕೆ ರೊಟ್ಟಿ ಬೀಳಗಿಯವರೆಗೂ ಹಬ್ಬಿ ನಡುವೆ ಹರಿಯಿತು.

"ನಿಂಗ ಗಂಡ ಅದಾನಲ್ಲ."

"ಅದ ನೋಡ್ರಿ, ಅದ ಒಂದು ಅಡಚಣಿ ಆಗೇತಿ."

ಕಲ್ಮೇಶ ಬಾಯಿಗೆ ಒಯ್ದ ತುತ್ತನ್ನು ತಾಟಿಗೆ ಇಳಿಸಿದ. "ಹಂಗ ಅನಬ್ಯಾಡ ಮಾರಾಯ್ತಿ. ನೀ ಮಾಡಿದ ಪಲ್ಯ ಉಣ್ಣಾಕ ಅಂಜಿಕಿ ಬರತೈತಿ."

ಇನ್ನು ಚಪ್ಪಲಿಯ ಸಂಗತಿ. ಗಂಡಸಿಲ್ಲದ ಮನೆಯೆಂದು ಗೊತ್ತಾದರೆ ನೀರು ಕೇಳುವ ನೆಪದಲ್ಲಿ ಹೊಸ್ತಿಲು ತುಳಿಯುವ ಪರಸ್ಥಳದ ಮಂದಿ ಎಲ್ಲೂ ಇರುತ್ತಾರೆ. ಶೇವಂತಿಯ ಗಂಡ ಕೈಬಿಟ್ಟ ವರ್ಷ ರತ್ನಾಬಾಯಿಯೇ ಇದಕ್ಕೊಂದು ಉಪಾಯ ಹೂಡಿದ್ದಳು. ಕಲ್ಮೇಶ ಆಗಷ್ಟೇ ಕೊಂಡಿದ್ದ ಕೊಲ್ಲಾಪುರಿ ಚಪ್ಪಲಿಗೆ ಮಗ್ಗದ ಎಣ್ಣೆ ಸವರಿ, ಆ ಚರ್ಮದ ಎಮ್ಮೆಯೇ ಎದ್ದು ಬಂದರೂ ಗುರುತು ಹಿಡಿಯದಷ್ಟು ಕಪ್ಪು ಮಾಡಿ, ಸೆರಗಿನಲ್ಲಿ ಮುಚ್ಚಿ ತಂದು ಶೇವಂತಿಯ ಬಾಗಿಲಲ್ಲಿ ಇಟ್ಟಿದ್ದಳು. ಶೇವಂತಿ ಅವನ್ನು ದಿನಾ ದಿಕ್ಕು ಬದಲಿಸಿ ಇಡುತ್ತಿದ್ದಳು. ಅವುಗಳ ಅಡಿಗೆ ಹಸಿ ಮಣ್ಣು ಮೆತ್ತುತ್ತಿದ್ದಳು. ನೋಡಿದವರಿಗೆ ಗಂಡಸು ಈಗಷ್ಟೇ ಹೊಲದಿಂದ ಬಂದು ಒಳಗೆ ಉಣ್ಣುತ್ತಿದ್ದಾನೆ ಅನ್ನಿಸಬೇಕು! ಓಣಿಯವರು ಅವು ಓಡಿಹೋದವನವೇ ಎಂದುಕೊಂಡಿದ್ದರು. ಕಲ್ಮೇಶನಂತೂ ತನ್ನವು ಗುಡಿಯ ಮುಂದೆ ಕಳುವಾದವೆಂದು ನಂಬಿ, ಆ ಕಳ್ಳನ ಏಳು ಪೀಳಿಗೆಯನ್ನು ದಿನಾ ಹರಸುತ್ತಿದ್ದ. ನಿಜ ಗೊತ್ತಿದ್ದದ್ದು ಈ ಇಬ್ಬರಿಗೇ.

ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ರಾಜೇಶ್ವರಿ ಮೇಡಂ ಹೇಳದೆ ಕೇಳದೆ ಬಂದಿಳಿದರು. ಶೇವಂತಿ ಕಾರ್ಖಾನೆಯಲ್ಲಿದ್ದಳು, ಯಾರೋ ಕರೆಯಲು ಓಡಿದರು. ಮೇಡಂ ಚಪ್ಪಲಿ ನೋಡಿದರು. ಅಡಿಯ ಹಸಿ ಮಣ್ಣನ್ನೂ ನೋಡಿದರು. ಎದುರು ಕಟ್ಟೆಯ ಮೇಲೆ ಕೂತಿದ್ದ ರತ್ನಾಬಾಯಿಯತ್ತ ತಿರುಗಿದರು. ಆ ಓಣಿಯಲ್ಲಿ ಮಗ್ಗಗಳ ಸದ್ದು ಎಷ್ಟೆಂದರೆ ಹುಟ್ಟುವ ಕೂಸು ಕೂಡ ಕೂಗಿ ಮಾತಾಡಲು ಕಲಿತೇ ಹುಟ್ಟುತ್ತದೆ. ಮೇಡಂ ಕೂಡ ಕೂಗಬೇಕಾಯಿತು.

"ಈ ಮನ್ಯಾಗ ಗಂಡಸರು ಯಾರಿರತಾರ್ರೀ?"

ರತ್ನಾಬಾಯಿ ಲೆಕ್ಕ ಹಾಕಿದಳು. ಸುಳ್ಳು ಹೇಳುವ ಪಾಪವೂ ಬೇಕಿಲ್ಲ; ಸುಮ್ಮನಿದ್ದರೆ ಸಾಕು, ಶೇವಂತಿ ಮತ್ತೆ ಕಂಡಕಿಯ ಮುಂದೆ, ತಾನು ಮತ್ತೆ ಮಾಳಿಗೆಯ ಮೇಲೆ.

"ನಂಗೇನು ಗೊತ್ತರೀ? ಮಂದಿ ಮನಿ ಉಸಾಬರಿ ನಮಗ್ಯಾಕರೀ?" ಎಂದಳು. ಹುಟ್ಟಿದಂದಿನಿಂದ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮಂದಿ ಮನೆಯ ಉಸಾಬರಿ ಇಲ್ಲದೆ ಅವಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಅಷ್ಟರಲ್ಲಿ ತಲೆತುಂಬ ಹತ್ತಿಯ ಧೂಳು ಹೊತ್ತು ಶೇವಂತಿ ಓಡಿ ಬಂದಳು.

"ಈ ಚಪ್ಪಲಿ ಯಾರವುವಾ?" ಮೇಡಂ ಕೇಳಿದರು.

ಶೇವಂತಿ ಬಾಯಿ ತೆರೆದಳು. ಎದುರು ಕಟ್ಟೆಯತ್ತ ಒಮ್ಮೆ ನೋಡಿದಳು. ಕಲ್ಮೇಶನವು ಎಂದರೆ ಓಣಿಯಲ್ಲಿ ರತ್ನಾಳ ಸಂಸಾರದ ಮಾತಿಗೆ ಕಾಲು ಬಾಲ ಎರಡೂ ಹುಟ್ಟುತ್ತವೆ. ತೆರೆದ ಬಾಯಿ ಮುಚ್ಚಿದಳು.

"ಅದನ್ನಷ್ಟ ಕೇಳಬ್ಯಾಡ್ರಿ ಮೇಡಂ. ಗಂಡ ಬಂದಿಲ್ಲ, ಅದು ಖರೆ. ಚಪ್ಪಲಿ ಕೊಟ್ಟವರು ನಂಗ ಉಪಕಾರ ಮಾಡ್ಯಾರ. ಅವರ ಹೆಸರ ಹೇಳಾಕ ಬರೂದಿಲ್ಲ."

"ಹಂಗಂದ್ರ ಹೆಂಗವಾ? ಗಂಡ ಬಂದು ಹೋಗಿ ಮಾಡತಾನ ಅಂತ ಬರೀಬೇಕಾಕ್ಕೈತಿ. ಮುಧೋಳದಾಕಿ ಒಬ್ಬಾಕಿ ಕಾಯಾಕತ್ತಾಳ, ಆಕಿಗಿ ಹೋಗತೈತಿ."

"ಹೋಗ್ಲಿರಿ," ಎಂದಳು ಶೇವಂತಿ. ಕಣ್ಣು ತುಂಬಿದ್ದವು; ಮುಖ ಮಾತ್ರ ಮಿಸುಕಲಿಲ್ಲ.

ಆಗ ರತ್ನಾಬಾಯಿಯೊಳಗೆ ಎದ್ದ ಉರಿಯ ಮುಂದೆ ಹಿಂದಿನದೆಲ್ಲ ಬರೀ ಊದುಕಡ್ಡಿ. ಓದಿನಲ್ಲಿ ಮುಂದೆ ಹೋದಳು, ಹೋಗಲಿ. ಈಗ ಒಳ್ಳೆಯತನದಲ್ಲೂ ಇವಳೇ ಫಸ್ಟ್ ಬರಬೇಕೇ? ನಾಳೆಯಿಂದ ಎದುರು ಮನೆಯಲ್ಲಿ ಈ ಮಹಾತಾಯಿಯ ಮುಖ ನೋಡಿಕೊಂಡು ತಾನು ಕಸ ಹೊಡೆಯಬೇಕೇ? ಸಾಲದ್ದಕ್ಕೆ ಇಬ್ಬರ ತಲೆಯ ಮೇಲೂ ಕಾಲಿಟ್ಟು ಹೋಗಲು ಮುಧೋಳದಾಕೆ ಬೇರೆ!

ಕಟ್ಟೆಯಿಂದ ಜಿಗಿದಳು. ಮಗ್ಗದ ಸದ್ದನ್ನು ಮೀರಿಸಲು ಗಲಗಲಿಯ ಹೊಳೆದಂಡೆಗೂ ಕೇಳುವಂತೆ ದನಿ ತೆಗೆದಳು.

"ಮೇಡಂ, ನಿಲ್ಲರಿ!" ಎನ್ನುವಾಗ ಮಗ್ಗಗಳು ನಡೆಯುತ್ತಿದ್ದವು. ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಗೆ ಓಣಿಯೇ ಗಪ್ಪಾಯಿತು. ಹೊರಟ ದನಿ ಮಾತ್ರ ತಡೆಯಲಾಗಲಿಲ್ಲ.

"ಅವು ನನ್ನ ಗಂಡನ ಚಪ್ಪಲಿ! ದಿನಾ ಇಕಿ ಬಾಗಲದಾಗ ಇರತಾವ!"

ಮೊದಲು ಒಂದು ಕಿಟಕಿ ತೆರೆಯಿತು. ಆಮೇಲೆ ಕಿಟಕಿಯಿಲ್ಲದ ಗೋಡೆಗಳೂ ತೆರೆದವು.

"ಯವ್ವಾ! ಯಾವಾಗಿಂದ ಬೇ?" ಎನ್ನುತ್ತ ಮುದುಕಿ ಅನಸವ್ವ ಕೋಲನ್ನೂ ಮರೆತು ಓಡಿ ಬಂದಳು. ಕಲ್ಮೇಶ ಮಗ್ಗ ಬಿಟ್ಟು ಎಣ್ಣೆಗೈಯಲ್ಲಿ ಹೊರಬಿದ್ದು, ಯಾರೂ ಏನೂ ಕೇಳುವ ಮೊದಲೇ, "ನಾ ಏನೂ ಮಾಡಿಲ್ಲ!" ಎಂದ.

"ನೀವು ಸುಮ್ಮನಿರ್ರಿ. ನಿಮ್ಮ ಕೈಲೆ ಏನಾದ್ರೂ ಆಗೂದಿದ್ರ ಈ ಓಣಿ ಎಂದೋ ಉದ್ಧಾರ ಆಗಿರತಿತ್ತು," ಎಂದು ಗದರಿಸಿ ರತ್ನಾಬಾಯಿ ಎಲ್ಲವನ್ನೂ ಹೇಳಿಬಿಟ್ಟಳು: ಕದ್ದದ್ದು, ಎಣ್ಣೆ ಸವರಿದ್ದು, ಮಣ್ಣು ಮೆತ್ತಿದ್ದು.

"ಹಂಗಾರ ಗುಡ್ಯಾಗ ಕಳವಾಗಿದ್ದು? ಕಳ್ಳನ ಹಿಮ್ಮಡ ಒಡೀಲಿ ಅಂತ ಎಷ್ಟ ಬೈದೀನಲ್ಲೇ!"

"ಅದಕ್ಕ ನೋಡ್ರಿ ನನ್ನ ಹಿಮ್ಮಡ ಒಡದದ್ದು. ನಿಮ್ಮ ಬಾಯಿ ಹಾಳಾಗ!"

ರಾಜೇಶ್ವರಿ ಮೇಡಂ ನಗಲಿಲ್ಲ. ಬಗ್ಗಿ ಒಂದು ಚಪ್ಪಲಿ ಎತ್ತಿದರು. ತುಳಿದ ಕೊಲ್ಲಾಪುರಿಯ ಮೇಲೆ ಬೆರಳುಗಳ ಅಚ್ಚು ಕೂತಿರುತ್ತದೆ. ಇದರ ಮೇಲೆ ಒಂದೂ ಇರಲಿಲ್ಲ. ಹೆಬ್ಬೆರಳು ತೂರಿಸುವ ಚರ್ಮದ ಉಂಗುರ ಹೊಸದರಷ್ಟೇ ಬಿಗಿ. ಕಲ್ಮೇಶನನ್ನು ಕರೆದು ಮೆಟ್ಟಲು ಹೇಳಿದರು. ಅವನು ಹೆಬ್ಬೆರಳು ತುರುಕಲು ಹೋಗಿ ಒಂಟಿಗಾಲಲ್ಲಿ ಕುಣಿದ ಕುಣಿತಕ್ಕೆ ಅನಸವ್ವ ನಕ್ಕು ನಕ್ಕು ನೆಲ ಹಿಡಿದಳು. ಆಗ ಮೇಡಂ ಕೂಡ ತಡೆಯಲಾರದೆ ನಕ್ಕರು. "ಆತು ಬಿಡವಾ ಶೇವಂತಿ. ಈ ಮನ್ಯಾಗ ಇರೂದು ಚಪ್ಪಲಿ ಅಷ್ಟ, ಗಂಡಸಲ್ಲ. ಹಂಗ ಬರೀತೇನಿ," ಎಂದರು.

ಕಾಲೇಜು ಶುರುವಾಗುವ ಹಿಂದಿನ ಸಂಜೆ ಶೇವಂತಿ ಚಪ್ಪಲಿ ತೊಳೆದು, ಒರೆಸಿ, ಚೀಲದಲ್ಲಿ ಹಾಕಿಕೊಂಡು, ಬಗಲಲ್ಲಿ ಹೊಸ ಪುಸ್ತಕ ಹಿಡಿದು ಬಂದಳು.

"ತಗೋ ರತ್ನಾ. ಈಗ ಊರಿಗೆಲ್ಲ ಗೊತ್ತಾತು."

"ಊರಿಗೆ ಗೊತ್ತಾತು, ಪರಸ್ಥಳದವರಿಗೆ ಗೊತ್ತಾಗೇತೇನ? ನೀ ಜಮಖಂಡಿಯಿಂದ ಬರೂತನಾ ಗಂಗಾ ಮನ್ಯಾಗ ಒಬ್ಬಾಕಿನ ಇರತಾಳ. ಒಯ್ದು ಅಲ್ಲೇ ಇಡು."

"ಮತ್ತ ನಿಮ್ಮ ಮನಿಯವರು?"

"ಬರಿಗಾಲಾಗ ಅಡ್ಡಾಡ್ಲಿ. ಗಂಡ ಇದ್ದದ್ದಕ್ಕ ಇಷ್ಟರೆ ಉಪಯೋಗ ಆಗ್ಲಿ." ರತ್ನಾಬಾಯಿ ಮುಖ ತಿರುಗಿಸಿ ಕೈ ಚಾಚಿದಳು. "ಅದಿರಲಿ, ಪುಸ್ತಕ ತಾ ಇಲ್ಲಿ. ದಿನಾ ಸಂಜಿಕೆ ತರಬೇಕು. ನೀ ಓದಿದ್ದಷ್ಟೂ ನಾ ಓದಾಕಿ. ಪಾಸಾಗು, ಬ್ಯಾಡನ್ನೂದಿಲ್ಲ. ಆದ್ರ ನನ್ನಕಿಂತ ಮುಂದ ಹೋದಿ ಅಂದ್ರ ನೋಡು!"

"ಎರಡನೇದಾಕಿ ಎರಡನೇದಾಕಿನ ಇರತೇನಿ, ಬಿಡ ಬೇ," ಎಂದು ಶೇವಂತಿ ನಕ್ಕು, ಮೊದಲ ಪಾಠ ತೆರೆದು ಜೋರಾಗಿ ಓದತೊಡಗಿದಳು.

"ತಪ್ಪು," ಎಂದಳು ರತ್ನಾಬಾಯಿ, ಎರಡನೆಯ ಸಾಲಿಗೇ.

ಮರುದಿನ ಬೆಳಿಗ್ಗೆ ಜಮಖಂಡಿ ಬಸ್ಸಿನ ಹಾರ್ನು ಓಣಿಯವರೆಗೆ ಕೇಳಿಸಿತು. ಒಲೆಯ ಮುಂದೆ ರತ್ನಾಬಾಯಿಯ ರೊಟ್ಟಿ ನಡುವೆ ಹರಿಯಿತು. ಬರಿಗಾಲಲ್ಲಿ ಕೂತಿದ್ದ ಕಲ್ಮೇಶ ತಾಟು ಹಿಡಿದು, ಏನೂ ಕೇಳದೆ, ಎರಡೂ ತುಂಡು ತಿಂದ.