ಎಂಟು ಗಂಟೆಯ ಸೂಜಿ

ಇನ್ಸುಲಿನ್ ಸೂಜಿಯನ್ನು ಹೊಟ್ಟೆಯಿಂದ ಹೊರಗೆಳೆದ ಮೇಲೆಯೇ ಜಗದಾಂಬಾಗೆ ಹೊಳೆದದ್ದು: ಹೆಣ ಹೊರಡುವ ತನಕ ಈ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಯಾರೂ ಏನೂ ತಿನ್ನುವಂತಿಲ್ಲ. ಗಡಿಯಾರ ಬೆಳಗಿನ ಎಂಟು ತೋರಿಸಿತ್ತು, ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು. ಹಾಳು ಅಭ್ಯಾಸ.

ನಡುಮನೆಯಲ್ಲಿ ಗಂಡ ಕರಿಬಸಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ರಾಣೆಬೆನ್ನೂರಿಂದ ಮೈದುನ ಫಕೀರೇಶ ಬಂದು ಮುಖ ನೋಡಿದ ಮೇಲೆಯೇ ಎತ್ತುವುದು.

"ಬಸ್ಸು ನೆಲಮಂಗಲದಲ್ಲೇ ನಿಂತಿದೆಯಂತೆ ಆಂಟಿ, ಫುಲ್ ಜಾಮ್. ಹನ್ನೊಂದಾಗ್ಬೋದು," ಎಂದಳು ಪಕ್ಕದ ಮನೆಯ ಸೌಂದರ್ಯಾ.

ಜಗದಾಂಬಾ ಮತ್ತೆ ಗಡಿಯಾರ ನೋಡಿದಳು. ಅಷ್ಟು ಹೊತ್ತು ಉಣ್ಣದಿದ್ದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಬಾಯಿಬಿಟ್ಟು ಕೇಳಿದರೋ, ಗಂಡನ ಹೆಣ ಎದುರಿಗಿಟ್ಟುಕೊಂಡು ತಿಂದಳು ಎಂಬ ಮಾತು ಸಾಯುವ ತನಕ ತಪ್ಪದು. ಅದರಲ್ಲೂ ಕರಿಬಸಪ್ಪನ ಅಕ್ಕ ಅಕ್ಕವ್ವ, ಬಾಯಿ ಎಂದರೆ ಬಾಯಿ. ಬೆಳಗಿನ ಜಾವ ಸೌಂದರ್ಯಾ ತಂದ ಕಾಫಿಯನ್ನು, "ಹೆಣ ಏಳೂತನಕಾ ಒಂದ್ ಹನಿ ನೀರೂ ಇಳಿಸೂದಿಲ್ಲ ನಾವು," ಎಂದು ವಾಪಸು ಕಳಿಸಿದ್ದಳು.

*

ಹನ್ನೆರಡು ವರ್ಷದಿಂದ ಎಂಟಕ್ಕೆ ಸೂಜಿ ಇವಳದು, ರೊಟ್ಟಿ ಕರಿಬಸಪ್ಪನದು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಕಪ್ಪಾದ ಬೆರಳಲ್ಲೇ ಎರಡು ಜೋಳದ ರೊಟ್ಟಿ ತಟ್ಟಿ ಮುಂದಿಟ್ಟು, ಮುಗಿಯುವ ತನಕ ಎದುರು ಕೂರುತ್ತಿದ್ದ. ಸಂಜೆ ಮೂಡಲಪಾಳ್ಯದಿಂದ ಅತ್ತಿಗುಪ್ಪೆವರೆಗೆ ನಡೆಸುತ್ತಿದ್ದ. ಅವಳ ಜೊತೆಗಿರಲಿ ಎಂದು ತಾನೂ ಅನ್ನ, ಸಕ್ಕರೆ ಬಿಟ್ಟ.

"ನಿನ್ನ ತೂಕ ಇಳಿಸೋಕೆ ಹೋಗಿ ನಾನು ಕಡ್ಡಿ ಆದೆ ಕಣೇ. ನೀನು ಮಾತ್ರ ಹಾಗೇ ಇದೀಯ."

"ಇರ್ಲಿ ಬಿಡ್ರೀ, ಇಬ್ಬರಲ್ಲಿ ಒಬ್ಬರಾದ್ರೂ ಗುಂಡಗಿರೋಣ."

*

ಒಂಬತ್ತೂವರೆಗೆ ಕೈ ನಡುಗತೊಡಗಿತು. ಕುತ್ತಿಗೆಯಿಂದ ಬೆವರು ಇಳಿಯಿತು.

"ಪಾಪ, ದುಃಖ ತಡ್ಕೊಳಕ್ಕಾಗ್ತಿಲ್ಲ," ಎಂದರು ನೆರೆಯವರು.

ದುಃಖವೇನೋ ಇತ್ತು, ಆದರೆ ಈಗ ಕಾಡುತ್ತಿದ್ದುದು ಭಯ. ಬಿದ್ದರೆ ಇವರೆಲ್ಲ ದುಃಖಕ್ಕೆ ಬಿದ್ದಳೆಂದು ಮುಖಕ್ಕೆ ನೀರು ಚಿಮುಕಿಸುತ್ತ ಕೂರುತ್ತಾರೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಗಂಡನ ಮುಖ ಎರಡೆರಡಾಗಿ ಕಂಡಾಗ, ಮಾನ ಮರ್ಯಾದೆ ಹಾಳಾಗಿ ಹೋಗಲಿ ಎನಿಸಿತು.

"ಅಕ್ಕಾ," ನಾಲಿಗೆ ತೊದಲಿತು. "ಸಕ್ಕರೆ ಕಾಯ್ಲೆ ಸೂಜಿ ತಗೊಂಡ್ಬಿಟ್ಟಿದೀನಿ. ಈಗ ತಿನ್ನದಿದ್ರೆ ನಾನೂ ಹೋಗ್ತೀನಿ."

ಮೂಲೆಯಿಂದ ಯಾರೋ, "ಹೆಣ ಇನ್ನೂ ಎದ್ದಿಲ್ವಲ್ಲಾ," ಎಂದರು.

ಅಕ್ಕವ್ವ ಆ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ಹೋಗಿ, ತಮ್ಮನ ಮುಂದಿದ್ದ ಪೂಜೆಯ ತಟ್ಟೆಯಿಂದ ಎರಡು ಬಾಳೆಹಣ್ಣು ಕಿತ್ತುಕೊಂಡಳು. ಒಂದನ್ನು ಸುಲಿದು, ಮುರಿದು ಮುರಿದು ಜಗದಾಂಬಾಳ ಬಾಯಿಗಿಟ್ಟಳು.

"ನುಂಗವ್ವಾ."

ಆಮೇಲೆ ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿ ಕೂತು, ಇನ್ನೊಂದನ್ನು ಸುಲಿದು ತಾನು ತಿನ್ನತೊಡಗಿದಳು.