ಅಂಚು ಉಜ್ಜದ ಗಾಜು

ಕಾಪು ಪೇಟೆಯ ಇದಿನಬ್ಬರ ಗಾಜಿನಂಗಡಿಯಿಂದ ಹೊರಬಿದ್ದ ಗಾಜು ಯಾರ ಬೆರಳನ್ನೂ ಕೊಯ್ದದ್ದಿಲ್ಲ. ಕಿಟಕಿಗಿರಲಿ, ಮದುವೆ ಫೋಟೋಕ್ಕಿರಲಿ, ಅಂಚನ್ನು ಕಲ್ಲಿಗೆ ಉಜ್ಜದೆ ಕೊಟ್ಟ ಮನುಷ್ಯನೇ ಅಲ್ಲ ಅವರು. ಎಂಬತ್ತಮೂರನೇ ಇಸವಿಯಲ್ಲಿ ಅವರ ಮಾನ ತೆಗೆದದ್ದೂ ಈ ಶಿಸ್ತೇ.

ಹೆಂಡತಿ ಹಲೀಮಾ ಮೈಯೆಲ್ಲ ಬಾತು ಮಣಿಪಾಲದಲ್ಲಿ ಮಲಗಿದ್ದಳು. ಡಾಕ್ಟರು ಅವಳ ಕಿಡ್ನಿಯಿಂದ ಎಳ್ಳಿನಷ್ಟು ಚೂರು ತೆಗೆದಿದ್ದರು. ಅದನ್ನು ದೊಡ್ಡ ಮೈಕ್ರೋಸ್ಕೋಪಿನಲ್ಲಿ ನೋಡದೆ ಯಾವ ಮದ್ದೆಂದು ಹೇಳುವಂತಿರಲಿಲ್ಲ. ನೋಡಲು ಚೂರನ್ನು ತೆಳ್ಳಗೆ ಕೊಯ್ಯಬೇಕು. ಕೊಯ್ಯಲು ಗಾಜಿನ ಚಾಕು ಬೇಕು. ಗಾಜು ಒಡೆಯುವ ಯಂತ್ರವೋ, ಕೆಟ್ಟು ಕೂತಿತ್ತು.

“ಒಂದು ಕೂದಲನ್ನು ಸಾವಿರ ಪದರ ಸೀಳಿದರೆ, ಅದರಲ್ಲಿ ಒಂದರಷ್ಟು ತೆಳು ಬೇಕು ಬ್ಯಾರಿಗಳೇ,” ಎಂದ ಇದಿನಬ್ಬರಿಗೆ ಲ್ಯಾಬಿನ ಉಮಾನಾಥ. “ಬ್ಲೇಡಿನಿಂದ ಆಗುವುದಲ್ಲ. ಆಗಷ್ಟೇ ಒಡೆದ ಗಾಜಿನ ಅಂಚೇ ಆಗಬೇಕು.”

“ಯಂತ್ರ ಎಂತಕ್ಕೆ ಉಮಾನಾಥಣ್ಣ? ನನ್ನ ಕೈ ಉಂಟಲ್ಲ!”

ಮರುದಿನವೇ ಇದಿನಬ್ಬರು ದಪ್ಪ ಗಾಜನ್ನು ಮೂಲೆಯಿಂದ ಮೂಲೆಗೆ ಗೀರಿ ಒಡೆದು, ಹನ್ನೆರಡು ಮೂರು ಮೂಲೆಯ ಚಾಕು ಮಾಡಿ, ಹತ್ತಿಯಲ್ಲಿ ಸುತ್ತಿ ಬಸ್ಸು ಹತ್ತಿದರು.

ಉಮಾನಾಥ ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ಕೊಯ್ದ. ಬಂದದ್ದು ಬರೀ ಪುಡಿ. ಚಾಕು ಬದಲಿಸಿದ. ಮತ್ತೆ ಪುಡಿ. ಚೂರು ಅರ್ಧ ಮುಗಿದಾಗ ಅವನು ಸಿಟ್ಟಿನಿಂದ ಚಾಕಿನ ಮೇಲೆ ಬೆರಳೆಳೆದ. ಒಂದು ಗೀರೂ ಬೀಳಲಿಲ್ಲ.

“ಇದು ಎಂತ ಇಷ್ಟು ನುಣ್ಣಗೆ?”

“ಒಂದೊಂದನ್ನೂ ಕಲ್ಲಿಗೆ ಹತ್ತು ಸಲ ಉಜ್ಜಿದ್ದೇನೆ. ನಿಮ್ಮ ಕೈಗೆ ತಾಗಬಾರದಲ್ಲ?”

“ಅಯ್ಯೋ ಮಾರಾಯ್ರೇ, ಚಾಕು ಅಲ್ವಾ ಇದು!” ಉಮಾನಾಥ ತಲೆಯ ಮೇಲೆ ಕೈ ಹೊತ್ತು ಕೂತ.

ಇದಿನಬ್ಬರಿಗೆ ಆಗ ಹೊಳೆಯಿತು. ಹಲೀಮಾಳ ಅರ್ಧ ಚೂರನ್ನು ತನ್ನ ಮರ್ಯಾದಸ್ತಿಕೆಯೇ ತಿಂದುಹಾಕಿತ್ತು! ಅಲ್ಲಿಯೇ ಗಾಜು ಕೇಳಿ ಪಡೆದು ಒಡೆದರು. ಬಲಗೈ ತಾನಾಗಿ ಉಜ್ಜುವ ಕಲ್ಲು ಹುಡುಕತೊಡಗಿತು. ಛೀ ಎಂದು ಆ ಕೈಯನ್ನು ಎಡಗೈಯಿಂದ ಹಿಡಿದೆಳೆಯುವಾಗ ಬೆರಳು ಹೊಸ ಗಾಜಿನ ಅಂಚಿಗೆ ತಾಗಿ ರಕ್ತ ಚಿಮ್ಮಿತು.

“ಇದು ಚಾಕು!” ಎಂದು ಉಮಾನಾಥ ಕುಣಿದ.

ಈ ಸಲ ಬೆಳ್ಳಿ ಬಣ್ಣದ ಪದರವೊಂದು ಚಾಕಿನ ಹಿಂದಿನ ಪುಟ್ಟ ತೊಟ್ಟಿಯ ನೀರಿನ ಮೇಲೆ ತೇಲಿ ಬಂತು. ಇದಿನಬ್ಬರು “ಯಾ ಅಲ್ಲಾ” ಎನ್ನಲು ಬಾಯಿ ತೆರೆದರೆ ಉಮಾನಾಥ ಕಣ್ಣಲ್ಲೇ ಗದರಿದ. ಉಸಿರು ತಾಗಿದರೂ ಪದರ ಹಾರೀತು. ಪಾಪ, ಮೂಗು ಹಿಡಿದುಕೊಂಡೇ ಪ್ರಾರ್ಥಿಸಿದರು.

ಎರಡು ದಿನದಲ್ಲಿ ಡಾಕ್ಟರು ಹೇಳಿದರು: ಮಾತ್ರೆಯಲ್ಲೇ ಗುಣವಾಗುವ ಕಾಯಿಲೆ. ಇದಿನಬ್ಬರು ವಾರ್ಡಿಗೆ ಓಡಿದರು. ಹಲೀಮಾ ಮೊದಲು ನೋಡಿದ್ದು ಗಂಡನ ಬೆರಳಿನ ಬ್ಯಾಂಡೇಜನ್ನು.

“ಎಂತ ಇದು? ನಿಮ್ಮ ಗಾಜೂ ಕೊಯ್ಯುತ್ತದಾ?”

“ಕೊಯ್ಯುತ್ತದೆ ಹಲೀಮಾ, ಚಂದ ಕೊಯ್ಯುತ್ತದೆ,” ಎಂದು ಇದಿನಬ್ಬರು ವಾರ್ಡಿನ ಎಲ್ಲರೆದುರು ಅತ್ತುಬಿಟ್ಟರು.