ಅರಿಶಿನ ಹಚ್ಚಿದ ಪೊರೆ

ನಾನೊಂದು ಹಾವು. ಓಡಬೇಡಿ, ವಿಷವಿಲ್ಲ. ಹೆದರಿದರೆ ಮೈ ಸುತ್ತಿ ಚೆಂಡಾಗಿಬಿಡುವ ಹೇಡಿ ಹೆಬ್ಬಾವು. ಪುಣೆಯ ಸಾಕಣೆಗಾರರೊಬ್ಬರ ಮನೆಯಲ್ಲಿ, ಬೆಚ್ಚಗಿನ ಪೆಟ್ಟಿಗೆಯೊಳಗೆ ಮೊಟ್ಟೆ ಸೀಳಿ ತಲೆ ಹೊರಗಿಟ್ಟೆ. ನನ್ನ ಮೈ ಕಂದು, ನನ್ನ ತಾಯಿಯದೂ ಕಂದು. ಆದರೆ ಅವಳೊಳಗೆ ಬಿಳಿ ಬಣ್ಣದ ಜೀನ್ ಅಡಗಿತ್ತಂತೆ. ಅದು ನನಗೂ ಬಂದಿರಬಹುದು, ಬಾರದೆಯೂ ಇರಬಹುದು. ಆ ‘ಬಹುದು’ ಎಂಬುದನ್ನೇ ನಂಬಿ ಮಂಗಳೂರಿನ ಯತೀಶ ನನ್ನನ್ನು ಕೊಂಡ.

ಅವನಿಗೆ ಹಾವುಗಳ ಹುಚ್ಚು. ಬಿಳಿ ಮರಿ ಹುಟ್ಟಿಸಬೇಕೆಂಬುದು ಅವನ ಕನಸು. “ಒಳಗೆ ಬಿಳಿ ಉಂಟಾದ್ರೆ ಇಲ್ಲೇ ಇರ್ಲಿ. ಇಲ್ಲದಿದ್ರೆ ಯಾರಿಗಾದ್ರೂ ಕೊಡುದು. ಜಾಗ ಎಲ್ಲಿ ಉಂಟು ಅಮ್ಮ?” ಎಂದು ನಾನು ಬಂದ ದಿನವೇ ತಾಯಿಗೆ ಹೇಳಿದ. ಹಾವಿಗೆ ಕಿವಿಯಿಲ್ಲ ಎನ್ನುತ್ತಾರೆ. ಇಂಥ ಮಾತು ಮೈಗೇ ತಾಗುತ್ತದೆ. ಅಂದಿನಿಂದ ನನಗೆ ಭಯ.

ಒಳಗೆ ಬಿಳಿ ಜೀನ್ ಇದೆಯೇ ಎಂದು ನೋಡುವ ಲ್ಯಾಬ್ ಪರೀಕ್ಷೆಗೆ ರಕ್ತ ಬೇಡ, ಕಳಚಿದ ಪೊರೆ ಸಾಕು. ನಾನು ಕಷ್ಟಪಟ್ಟು, ಎಲ್ಲೂ ಹರಿಯದಂತೆ, ಇಡೀ ಪೊರೆಯನ್ನು ಕಳಚಿಟ್ಟೆ. ಯತೀಶ ಕೆಲಸದಿಂದ ಬರುವಷ್ಟರಲ್ಲಿ ಅದು ಅವನ ತಾಯಿ ಲೋಲಾಕ್ಷಮ್ಮನ ಕಣ್ಣಿಗೆ ಬಿತ್ತು. ಹಾವಿನ ಪೊರೆ ಕಂಡರೆ ಈ ಕಡೆಯವರು ಸುಮ್ಮನಿರುತ್ತಾರೆಯೇ? ಎತ್ತಿ, ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು ಕೈಮುಗಿದರು.

“ಎಂತ ಮಾಡಿದ್ದು ಅಮ್ಮ ನೀನು? ಇದು ನಾಗ ಅಲ್ಲ, ಆಫ್ರಿಕಾದ ಹೆಬ್ಬಾವು!”

“ಆಫ್ರಿಕಾದಲ್ಲಿ ದೇವರು ಇಲ್ವಾ ಮಾರಾಯ?”

ಲ್ಯಾಬಿನವರು ಅರಿಶಿನ ಹಚ್ಚಿದ್ದು ಆಗುವುದಿಲ್ಲ, ಬೇರೆ ಕಳಿಸಿ ಎಂದರು. ಕೇಳಿದಾಗಲೆಲ್ಲ ಕಳಚಿ ಕೊಡಲು ನಾನೇನು ಅಂಗಿ ತೊಟ್ಟವನೇ? ಮುಂದಿನ ಪೊರೆ ಬರುವವರೆಗೆ ಕಾಯಬೇಕಾಯಿತು.

ಆ ನಡುವೆ ಲೋಲಾಕ್ಷಮ್ಮನಿಗೂ ನನಗೂ ಸಲಿಗೆ ಬೆಳೆಯಿತು. ಯತೀಶ ಊರಲ್ಲಿಲ್ಲದಾಗ, ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಪಕ್ಕದಲ್ಲಿ ನನಗೆಂದು ಇಟ್ಟಿದ್ದ ಸತ್ತ ಇಲಿಯನ್ನು ಮುಖ ಸಿಂಡರಿಸಿಕೊಂಡೇ ತೆಗೆದು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು, “ತಿನ್ನು ಮಗಾ” ಎನ್ನುತ್ತಿದ್ದರು. ನನ್ನನ್ನು ಮಗ ಎಂದವರು ಅವರೊಬ್ಬರೇ.

ಎರಡನೆಯ ಪೊರೆ ಅವರ ಕೈಗೆ ಸಿಗದೆ ಲ್ಯಾಬು ಸೇರಿತು. ಉತ್ತರ ಬಂತು: ಬಿಳಿ ಇಲ್ಲ. ಒಳಗೂ ಹೊರಗೂ ನಾನು ಬರೀ ಕಂದು. ಯತೀಶ ಹುಬ್ಬಳ್ಳಿಯವರೊಬ್ಬರಿಗೆ ಫೋನು ಮಾಡಿ, ಬಂದು ಒಯ್ಯಿರಿ ಎಂದ. ನಾನು ಪೆಟ್ಟಿಗೆಯ ಮೂಲೆಯಲ್ಲಿ ಚೆಂಡಾದೆ.

ಮೀನು ಕೊಯ್ಯುತ್ತಿದ್ದ ಲೋಲಾಕ್ಷಮ್ಮ ಕೈ ತೊಳೆದು ಬಂದರು.

“ಯತೀಶ, ನನ್ನನ್ನು ನೋಡ್ಲಿಕ್ಕೆ ಬಂದವರೆಲ್ಲ ನನ್ನ ಬಣ್ಣ ನೋಡಿ, ಚಾ ಕುಡಿದು ಎದ್ದು ಹೋದವರೇ. ನಿನ್ನ ಅಪ್ಪ ಒಬ್ರು ಇನ್ನೊಂದು ಲೋಟ ಚಾ ಕೇಳಿದ್ರು. ಅವರೂ ಎದ್ದು ಹೋಗಿದ್ರೆ ನೀನು ಎಲ್ಲಿರ್ತಿದ್ದಿ?”

ಯತೀಶ ಹುಬ್ಬಳ್ಳಿಗೆ ಮತ್ತೆ ಫೋನು ಮಾಡಿ, ಬರಬೇಡಿ ಎಂದ.

ಈಗ ನನಗೆ ವಯಸ್ಸಾಗಿದೆ. ಬೇರೊಂದು ಜೋಡಿಯಿಂದ ಯತೀಶನಿಗೆ ಬಿಳಿ ಮರಿಗಳೂ ಆದವು. ನೋಡಲು ಬಂದವರು ನೇರ ಅವುಗಳ ಬಳಿಗೇ ಹೋಗುತ್ತಾರೆ, ಹೋಗಲಿ. ನನ್ನ ಪೆಟ್ಟಿಗೆ ಇರುವುದು ಲೋಲಾಕ್ಷಮ್ಮನ ಕೋಣೆಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಅವರು ನನ್ನನ್ನು ಮಡಿಲಿಗೆ ಹಾಕಿಕೊಂಡು ಟಿ.ವಿ. ನೋಡುತ್ತಾರೆ. ಅವರ ಕಪ್ಪು ಕೈಗೂ ನನ್ನ ಕಂದು ಮೈಗೂ ಚೆನ್ನಾಗಿ ಹೊಂದುತ್ತದೆ. ನನಗಂತೂ ಬೇರೆ ಬಣ್ಣದ ಆಸೆ ಹುಟ್ಟಲೇ ಇಲ್ಲ.